ಕೆರೆ ಏರಿಯ ಮೇಲಿನ ಮುಕ್ಕಾಲಿ

ಇಂಥ ಕಥೆ ಯಾರಾದರೂ ಹೇಳಿದರೆ ನಾನು ನಕ್ಕು, ಅವರಿಗೊಂದು ಚಹಾ ತರಿಸುತ್ತಿದ್ದವನು. ದೆವ್ವವೂ ಇಲ್ಲ, ಪವಾಡವೂ ಇಲ್ಲ, ಹೇಳುವವರ ನೆನಪು ಮಾತ್ರ ಸ್ವಲ್ಪ ಸಡಿಲ ಎಂಬುದು ನನ್ನ ತೀರ್ಮಾನವಾಗಿತ್ತು. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ತಾರ್ನಾಕದಲ್ಲಿ ನಮ್ಮ ಮನೆ. ವಾರವಿಡೀ ಆಫೀಸು, ಭಾನುವಾರ ಹಕ್ಕಿ. ಈ ಹುಚ್ಚಿನಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚು ತಲೆ ತಿನ್ನುವುದು ಅದನ್ನು ನಿಲ್ಲಿಸುವ ಕಾಲು. ನಾನು ಮೊದಲು ಕೊಂಡ ಟ್ರೈಪಾಡ್ ಬಲು ಹಗುರ, ಚಳಿಗಾಳಿಗೆ ನನಗಿಂತ ಮೊದಲು ಅದೇ ನಡುಗುತ್ತಿತ್ತು. ಎರಡನೆಯದನ್ನು ಹೊತ್ತು ಕೆರೆ ಮುಟ್ಟುವಷ್ಟರಲ್ಲಿ ಹಕ್ಕಿಗಳು ಮೇವು ಮುಗಿಸಿ ಹೋಗಿರುತ್ತಿದ್ದವು. ಹಾರುವ ಹಕ್ಕಿಯ ಬೆನ್ನು ಹತ್ತುವ ಕ್ಯಾಮೆರಾಕ್ಕೆ, ಟ್ರೈಪಾಡಿನ ತುದಿಯಲ್ಲಿ ಸರಾಗವಾಗಿ ತಿರುಗುವ ಹೆಡ್ ಬೇಕು. ದೂರದ್ದನ್ನು ಹತ್ತಿರ ತೋರಿಸುವ ಸ್ಪಾಟಿಂಗ್ ಸ್ಕೋಪಿಗೆ ಕದಲದೆ ನಿಲ್ಲುವುದು ಬೇಕು, ಕೈಯಲ್ಲಿ ಹಿಡಿದರಂತೂ ಒಳಗಿನ ಹಕ್ಕಿ ಮೊರದಲ್ಲಿ ಕೇರಿದ ಜೋಳದಂತೆ ಕುಣಿಯುತ್ತದೆ.

ಆ ಚಳಿಗಾಲ ಅವ್ವ, ಕಲಬುರಗಿ ಕಡೆಯ ಊರಿನಲ್ಲಿರುವ ಅಣ್ಣನ ಮನೆಯಿಂದ, ಕಣ್ಣು ತೋರಿಸಲು ಬಂದಿದ್ದಳು. ಕಣ್ಣಿನ ನರ ಒಣಗುತ್ತಿದೆ, ಇನ್ನೊಂದು ವರ್ಷಕ್ಕೆ ಎಷ್ಟು ಕಾಣುತ್ತದೋ ಹೇಳಲಾಗದು ಎಂದರು ಡಾಕ್ಟರು. ಮರುದಿನ ಸಂಜೆ ಕಾಚಿಗೂಡದಿಂದ ಅವಳ ರೈಲು. ಪಟಾನ್‌ಚೆರು ಆಚೆಯ ಕೆರೆಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೋಗಳು, ಬಂದಿದ್ದವು. ಕಣ್ಣಿರುವಾಗಲೇ ಅವಳಿಗೆ ಅವನ್ನು ತೋರಿಸಬೇಕೆಂದು ನನಗೆ ಹಟ ಬಂತು.

“ಹಕ್ಕಿ ಓಡ್ಸೂದು ನನ್ನ ಕೆಲಸಿತ್ತೋ ತಮ್ಮಾ, ನೋಡೂದಲ್ಲ,” ಎಂದಳು ಅವ್ವ. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಕವಣೆ ಬೀಸುತ್ತ ಹಕ್ಕಿ ಕಾದವಳು ಅವಳು. ಆದರೂ ಹೊರಟಳು.

ಬೆಳಗಿನ ಮಂಜು ಕರಗುವ ಹೊತ್ತಿಗೆ ಏರಿ ಮುಟ್ಟಿದೆವು. ಸ್ಕೋಪ್ ಹೊರತೆಗೆದೆ. ಅದನ್ನು ಟ್ರೈಪಾಡಿಗೆ ಕಚ್ಚಿಸುವ ಬೆರಳುದ್ದದ ಪ್ಲೇಟ್ ಇರಲಿಲ್ಲ. ಹಿಂದಿನ ದಿನ ಅದನ್ನು ಬಿಚ್ಚಿ ಕ್ಯಾಮೆರಾಕ್ಕೆ ಹಾಕಿ ನೋಡಿದ್ದೆ, ಭಾರ ಬೇಡವೆಂದು ಕ್ಯಾಮೆರಾ ಮನೆಯಲ್ಲೇ ಬಿಟ್ಟಿದ್ದೆ, ಪ್ಲೇಟೂ ಅದರಲ್ಲೇ ಉಳಿದಿತ್ತು. ಎರಡೆರಡು ಟ್ರೈಪಾಡ್ ಸಾಕಿದವರಷ್ಟೇ ಮಾಡಬಲ್ಲ ತಪ್ಪು! ಟವೆಲ್ಲಿನಿಂದ ಬಿಗಿದು ನೋಡಿದೆ, ಜಾರಿತು. ಬರಿಗಣ್ಣಿಗೆ ಅವ್ವನಿಗೆ ನೀರೂ ಆಕಾಶವೂ ಒಂದೇ. ಅವಳನ್ನು ಕಲ್ಲಿನ ಮೇಲೆ ಕೂರಿಸಿ, ಹಳೆಯ ಪ್ಲೇಟ್ ಏನಾದರೂ ಬಿದ್ದಿದೆಯೇ ಎಂದು ಹುಡುಕಲು ಕಾರಿಗೆ ಓಡಿದೆ.

ಇರಲಿಲ್ಲ. ಹತ್ತು ನಿಮಿಷದಲ್ಲಿ ಸಪ್ಪೆ ಮೋರೆ ಹಾಕಿಕೊಂಡು ಮರಳಿದರೆ, ಅವ್ವನ ಎದುರಿಗೆ ಮೂರು ಕೋಲಿನ ಒಂದು ಮುಕ್ಕಾಲಿ ನಿಂತಿತ್ತು. ಅವ್ವನ ಊರಲ್ಲಿ ಹಿಂದೆ ಹೊಲ ಕಾಯುವವರು ನೀರಿನ ಕೊಡ ಇಡಲು ಇಂಥದ್ದನ್ನು ಕಟ್ಟುತ್ತಿದ್ದರಂತೆ. ಕೋಲುಗಳನ್ನು ಮೇಲೆ ಹೆಣೆದು ಬಿಗಿದರೆ, ತುದಿಗಳ ನಡುವೆ ಕೊಡ ಕೂರುವಷ್ಟು ಜಾಗ. ಕಟ್ಟಿದ ನಾರು ಇನ್ನೂ ಹಸಿಯಾಗಿತ್ತು.

ಪ್ರಶ್ನೆ ಕೇಳುವ ಪುರುಸೊತ್ತು ನನಗಿರಲಿಲ್ಲ. ಟವೆಲ್ ಮಡಚಿ ಹಾಸಿ ಸ್ಕೋಪ್ ಇಟ್ಟೆ. ಕದಲಲಿಲ್ಲ. ಹಕ್ಕಿಗೆ ಗುರಿ ಹಿಡಿಯಲು ನಾನು ನಡು ಮುರಿಯುವಷ್ಟು ಬಗ್ಗಬೇಕಾಯಿತು. ಬೆನ್ನು ಬಾಗಿದ ಅವ್ವ ಮಾತ್ರ ನಿಂತ ಹಾಗೇ ಕಣ್ಣಿಟ್ಟಳು, ಅಳತೆ ಕೊಟ್ಟು ಮಾಡಿಸಿದಂತೆ.

“ಅಯ್ಯಯ್ಯ! ಎಂಥಾ ಕಾಲೋ ಇದರ್ವು! ತಲಿ ಬುಡಮೇಲ ಮಾಡಿ ಉಣ್ಣಾಕತ್ತಾವಲ್ಲೋ!” ಎಂದು ಶುರುವಾದವಳು ನಿಲ್ಲಲೇ ಇಲ್ಲ. ಒಂದಕ್ಕೆ ನಮ್ಮ ದೊಡ್ಡತ್ತೆಯ ನಡಿಗೆ ಇದೆ ಎಂದಳು. ಖುಷಿ ಹೆಚ್ಚಾಗಿ, ಅರವತ್ತು ವರ್ಷ ಗಂಟಲಲ್ಲೇ ಉಳಿದಿದ್ದ ಹೊಲದ ಕೂಗು ಹಾಕಿಬಿಟ್ಟಳು: “ಹೋಯ್! ಹೋಹೋಹೋಯ್!” ಇಡೀ ಹಿಂಡು ಒಮ್ಮೆಗೇ ಎದ್ದಿತು. ಕೆಂಪು ರೆಕ್ಕೆಗಳು ಬಿಚ್ಚಿಕೊಂಡವು. ಹಕ್ಕಿ ಬೆದರಿಸಿದವರ ಮೇಲೆ ಹರಿಹಾಯುವ ನಾನು, ಅಂದು ಅವಳ ಜೊತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಷ್ಟು ಸಂತೋಷ ನನಗೆ ಯಾವ ಫೋಟೋದಿಂದಲೂ ಸಿಕ್ಕಿಲ್ಲ.

ನಗು ನಿಂತ ಮೇಲೆ, “ಯಾರವ್ವಾ ಇದನ್ನ ಕಟ್ಟಿದ್ದು?” ಎಂದೆ.

“ಯಾರಂದ್ರ? ನೀನಾ ಕಟ್ಟಿಟ್ಟು ಹೋಗೀದಿ ಅನ್ಕೊಂಡಿನಿ.”

ನಾನು ಅವಳೇ ಕಟ್ಟಿದ್ದಾಳೆ ಎಂದುಕೊಂಡಿದ್ದೆ. ಆದರೆ ಸಂಧಿವಾತದಿಂದ ಸೊಟ್ಟಗಾದ ಆ ಬೆರಳುಗಳಿಗೆ ರವಿಕೆಯ ಗುಂಡಿಯೂ ಒಗ್ಗುವುದಿಲ್ಲ. ನನಗಂತೂ ಅಂಥ ಕಟ್ಟು ಬರುವುದೇ ಇಲ್ಲ. ಹತ್ತಿರದಲ್ಲಿ ಒಂದು ಕಟ್ಟಡದ ಕೆಲಸ ನಡೆದಿತ್ತು, ಯಾದಗಿರಿ ಕಡೆಯ ಮಂದಿ. ಅಲ್ಲಿ ಹೋಗಿ ಕೇಳಿದೆ. “ನಾವು ಕೊಡ ಇಟ್ಟಿಗಿ ಮ್ಯಾಲ ಇಡ್ತೀವ್ರಿ. ಈಗ ಅದನ್ನ ಯಾರ್ ಕಟ್ತಾರ್ರೀ ಸಾಹೇಬ್ರ?” ಎಂದ ಮೇಸ್ತ್ರಿ. ಏರಿಯ ಕೆಸರಲ್ಲಿ ಹೆಜ್ಜೆ ಗುರುತು ನೋಡಬೇಕೆಂದು ಆಗ ಹೊಳೆಯಲೇ ಇಲ್ಲ. ಮುಂದಿನ ಭಾನುವಾರ ಹೋದಾಗ ಮುಕ್ಕಾಲಿ ಇರಲಿಲ್ಲ. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಮಾತ್ರ ಈಗಲೂ ಇದೆ, ಅದಕ್ಕೆ ಕಣ್ಣಿಟ್ಟ ಅವ್ವನೂ ಇದ್ದಾಳೆ.

ಅವ್ವನಿಗೆ ಈಗ ಬೆಳಕು, ಕತ್ತಲೆ ಅಷ್ಟೇ ತಿಳಿಯುತ್ತದೆ. ಆದರೆ ರಾಜಹಂಸದ ಮಾತೆತ್ತಿದರೆ ಬಂದವರಿಗೆಲ್ಲ ಅವುಗಳ ಕಾಲು ಅಭಿನಯಿಸಿ ತೋರಿಸುತ್ತಾಳೆ. ಮುಕ್ಕಾಲಿ ಕಟ್ಟಿದವರು ಯಾರು ಎಂದು ಅವರು ಕೇಳಿದರೆ, ನನ್ನ ದನಿ ಬಂದ ಕಡೆಗೆ ಬೆರಳು ತೋರಿಸುತ್ತಾಳೆ. ನಾನು ಅವಳ ಕಡೆಗೆ ತೋರಿಸುತ್ತೇನೆ.