ಪಕ್ಕದ ಮನೆಯಾಕೆ ಮಾಡಿದ ಬಾಣಂತನ

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಾವು ಮಗಳನ್ನು ದತ್ತು ತಂದೆವು. ಮರುದಿನವೇ ಚಿತ್ತವಾಡ್ಗಿಯ ನಮ್ಮ ಮನೆಗೆ ಪಕ್ಕದ ಮನೆಯಾಕೆ, ಕಾಲುವೆ ಆಫೀಸಿನ ಜವಾನನ ಹೆಂಡತಿ, ಬಾಗಿಲು ತಟ್ಟದೆ ಬಂದಳು. ಬಾಣಂತಿಯರು ತಿನ್ನುವ ಅಂಟಿನುಂಡೆಯ ಡಬ್ಬಿಯನ್ನು ಮುಂದಿಟ್ಟು, ಕಿವಿ ಮುಚ್ಚುವಂತೆ ನನ್ನ ತಲೆಗೆ ಬಟ್ಟೆ ಕಟ್ಟಿದಳು.

“ನಾನು ಹಡದಿಲ್ಲಲ್ರೀ ಅಕ್ಕಾ,” ಎಂದೆ.

“ಸುಮ್ನ ಕುಂದ್ರು. ನನಗ ಗೊತ್ತೈತಿ.”

ಏನು ಗೊತ್ತು? ಅಣಕವೋ ಕನಿಕರವೋ ತಿಳಿಯದೆ ಒದ್ದಾಡಿದೆ. ಆಕೆ ಮಾತ್ರ ದಿನವೂ ಬಂದು, ಕೂಸಿಗೆ ಎಣ್ಣೆ ತಿಕ್ಕಿ ಎರೆದು, ನನಗೂ ಬಿಸಿನೀರು ಹೊಯ್ಯುತ್ತಿದ್ದಳು. ಬೇಡವೆಂದರೆ ಅದೇ ಮಾತು, “ಸುಮ್ನ ಕುಂದ್ರು.”

ತೊಟ್ಟಿಲಿಗೆ ಹಾಕುವ ದಿನ ನನ್ನ ನಾದಿನಿ ನಕ್ಕಳು. “ಹಡದಿಲ್ಲ, ಏನಿಲ್ಲ. ಬಾಣಂತನ ಯಾಕ್ರೀ?”

ಪಕ್ಕದ ಮನೆಯಾಕೆ ನನ್ನ ತಲೆಬಟ್ಟೆಯ ಗಂಟು ಬಿಗಿಮಾಡುತ್ತಲೇ ಹೇಳಿದಳು:

“ಹನ್ನೊಂದು ವರ್ಷ ಬ್ಯಾನಿ ತಿಂದಾಳವ್ವಾ. ಬಾಣಂತನ ಬ್ಯಾಡೇನು?”