ದಕ್ಷಿಣ ಧ್ರುವ ಮುಟ್ಟಿದ ಗುಂಜಿಯ ಮಣ್ಣು

ಕೊರೊನಾ ಕಾಟ ಮುಗಿದು ಕಚೇರಿಗಳೆಲ್ಲ ಪೂರ್ತಿ ತೆರೆದ ವರ್ಷ ನಾನು ಬೆಳಗಾವಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಧೂಳಿನ ಊರು ಹುಡುಕುವುದು’ ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಮ್ಮ ರಸ್ತೆಗಳಲ್ಲಿ ಓಡಾಡುವವರಿಗೆ ಧೂಳು ತೋರಿಸಲು ವಿಜ್ಞಾನಿಯೇ ಬೇಕೆ?

ನಾನು ಹುಡುಕುತ್ತಿದ್ದದ್ದು ಅಂಟಾರ್ಕ್ಟಿಕಾದ ಹಿಮದೊಳಗಿನ ಧೂಳು. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ. ವರ್ಷದ ಮೇಲೆ ವರ್ಷ ಪದರವಾಗಿ ಕೂತು ಗಟ್ಟಿಯಾಗುತ್ತದೆ. ಗಾಳಿ ಹೊತ್ತು ತಂದ ಧೂಳೂ ಅದರಲ್ಲೇ ಸೆರೆಯಾಗುತ್ತದೆ. ಆ ಹಿಮವನ್ನು ಕೊರೆದು ಉದ್ದನೆಯ ಕಂಬದ ಹಾಗೆ ಹೊರತೆಗೆದರೆ ಅದೇ ಐಸ್ ಕೋರ್. ಆಳಕ್ಕೆ ಹೋದಷ್ಟೂ ಕಾಲ ಹಿಂದಕ್ಕೆ ಹೋಗುತ್ತದೆ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದಿನ ಹಿಮಯುಗದ ಧೂಳು ಎಲ್ಲಿಂದ ಬಂತೆಂದು ಗೊತ್ತಾದರೆ, ಆಗ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂಬುದೂ ಗೊತ್ತಾಗುತ್ತದೆ.

ಧೂಳಿನ ಊರು ಹೇಳುವುದು ಅದರ ಐಸೋಟೋಪುಗಳು, ಅಂದರೆ ಒಂದೇ ಧಾತುವಿನ, ತೂಕದಲ್ಲಿ ತುಸು ಬೇರೆಯಾದ ಪರಮಾಣುಗಳು. ಸ್ಟ್ರಾನ್ಷಿಯಂ ಮತ್ತು ನಿಯೋಡಿಮಿಯಂ ಎಂಬ ಎರಡು ಧಾತುಗಳಲ್ಲಿ ಇವುಗಳ ಪ್ರಮಾಣ ಒಂದೊಂದು ಸೀಮೆಯ ಕಲ್ಲಿನಲ್ಲಿ ಒಂದೊಂದು ಥರ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರ ಮಾತು ಕೇಳಿದ ಕೂಡಲೇ ಇವರು ಗೋಕಾಕದ ಕಡೆಯವರು, ಇವರು ಖಾನಾಪುರದವರು ಎಂದು ತಿಳಿಯುವುದಿಲ್ಲವೆ? ಹಾಗೆಯೇ ಇದು.

ನಮ್ಮ ಫ್ರೀಜರಿನಲ್ಲಿದ್ದ ಹಿಮವನ್ನು ಅಂಟಾರ್ಕ್ಟಿಕಾಕ್ಕೆ ಹೋಗಿ ತಂದವಳು ನಾನೇ. ಹಿಮಯುಗದ ಪದರವಿದ್ದ ತುಂಡಿನ ಒಂದು ಪಾಲನ್ನು ಪರೀಕ್ಷಿಸಿದೆ. ಧೂಳು ದಕ್ಷಿಣ ಅಮೆರಿಕದ ತುದಿಯಲ್ಲಿರುವ ಪ್ಯಾಟಗೋನಿಯಾದ್ದು ಎಂದು ಬಂತು. ಬೇರೆ ದೇಶದವರು ತಮ್ಮ ಹಿಮದಲ್ಲಿ ಕಂಡದ್ದೂ ಅದೇ. ವರದಿ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಅವರ ಹೆಸರು ಡಾ. ಇನಾಮದಾರ. ಅವರ ಮುಖ ಹುಳ್ಳಗಾಯಿತು.

“ಇದನ್ನ ಜಗತ್ತಿನವರೆಲ್ಲ ಮೊದಲ ಹೇಳ್ಯಾರ. ಇದರಾಗ ನಮ್ಮದೇನೈತಿ?”

“ಧೂಳಿನ ಊರು ಯಾವುದೈತಿ ಅದನ್ನ ಹೇಳೂದು ನಮ್ಮ ಕೆಲಸ್ರೀ ಸರ್. ನಮಗ ಬೇಕಾದ ಊರು ಹೇಳೂದಲ್ಲ.”

ಆ ಮಾತಿನ ಫಲ ಬೇಗನೇ ಕೈಗೆ ಬಂತು. ಖಾನಾಪುರದಲ್ಲಿ ನಮ್ಮ ಸಂಸ್ಥೆಯದೇ ನೀರು ಪರೀಕ್ಷಾ ಘಟಕವೊಂದಿತ್ತು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡುವ ಕೆಲಸ. ನನ್ನನ್ನು ಅಲ್ಲಿಗೆ ವರ್ಗ ಮಾಡಿದರು. ನಾನು ಖಾನಾಪುರದಲ್ಲೇ ಹುಟ್ಟಿ ಬೆಳೆದವಳು. ತವರಿಗೆ ಹೋಗುವುದು ಶಿಕ್ಷೆಯಾಗಬಾರದಿತ್ತು, ಆದರೆ ಕಳಿಸಿದ ರೀತಿ ಶಿಕ್ಷೆಯೇ ಆಗಿತ್ತು. ಹಿಮ ಬೆಳಗಾವಿಯಲ್ಲಿ ಅವರ ಕೈಯಲ್ಲಿ ಉಳಿಯಿತು.

ಮುಂದಿನ ವರ್ಷ ಬೇಸಿಗೆಗೆ ಮೊದಲು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಹಿಮಯುಗದಲ್ಲಿ ಭಾರತದ ಮಣ್ಣು ಸಮಭಾಜಕ ವೃತ್ತ ದಾಟಿ ದಕ್ಷಿಣ ಧ್ರುವ ಮುಟ್ಟಿತ್ತು ಎಂದು ಡಾ. ಇನಾಮದಾರರು ಕಂಡುಹಿಡಿದಿದ್ದಾರೆ! ಹೊಸ ಯಂತ್ರ, ಹೊಸ ಕ್ಲೀನ್ ರೂಮ್, ಅದೇ ಹಿಮದ ಇನ್ನೊಂದು ಪಾಲು. ನನ್ನ ಹೆಸರು ಎಲ್ಲೂ ಇರಲಿಲ್ಲ. ಬೆಳಗಾವಿಯ ಸಭಾಂಗಣವೊಂದರಲ್ಲಿ ಅವರಿಗೆ ಸನ್ಮಾನವಾಯಿತು. ನಾನೂ ಹೋಗಿ ಕೂತೆ. ಶಾಲು ಹೊದ್ದು ಮೈಕಿನ ಮುಂದೆ ನಿಂತ ಅವರು ನನ್ನ ಕಡೆಗೊಮ್ಮೆ ನೋಡಿಯೇ ಹೇಳಿದರು: “ಇದೇ ಹಿಮದ ಮೇಲೆ ಹಿಂದೊಂದು ತಪ್ಪು ಫಲಿತಾಂಶ ಬಂದಿತ್ತು. ಕೈ ಸ್ವಚ್ಛ ಇಲ್ಲದವರು ಹಿಮ ಮುಟ್ಟಿದರೆ ಹೀಗೇ ಆಗೋದು.”

ಸಭೆ ನಕ್ಕಿತು. ನಮ್ಮಜ್ಜ ಕುರಿ ಕಾಯ್ದವನು, ನಮ್ಮಪ್ಪ ಉಣ್ಣೆ ಮಾರಿ ನನ್ನನ್ನು ಓದಿಸಿದವನು. ನಮ್ಮಂಥ ಮನೆಯವರ ಕೈ ಸ್ವಚ್ಛವಿಲ್ಲ ಎಂಬ ಮಾತು ನಮಗೆ ಹೊಸದಲ್ಲ. ಅದು ಎಲ್ಲಿಂದ ಬಂತು, ಯಾರಿಗೆ ತಾಗಬೇಕಾಗಿತ್ತು ಎರಡೂ ನನಗೆ ಗೊತ್ತಾದವು. ನನ್ನ ಹೆಸರು ಬಿಟ್ಟದ್ದನ್ನು ಒಂದಲ್ಲ ಒಂದು ದಿನ ಮರೆಯುತ್ತಿದ್ದೆನೋ ಏನೋ. ಈ ಮಾತನ್ನು ಮಾತ್ರ ಹಲ್ಲು ಕಚ್ಚಿ ಮನೆಗೆ ತಂದೆ. ಇದನ್ನು ಇವರ ಬಾಯಿಂದಲೇ ವಾಪಸು ತೆಗೆಸಬೇಕು, ಇಲ್ಲವೇ ಇವರ ಹೆಸರಿಗೇ ಅಂಟಿಸಬೇಕು ಎಂದುಕೊಂಡೆ.

ಸಿಟ್ಟಿಗೆ ಒಂದು ಗುಣವಿದೆ, ಬೇಸರವಿಲ್ಲದೆ ಹುಡುಕುತ್ತದೆ. ಸಿಬ್ಬಂದಿಯ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆಯಲು ಅವರು ಮರೆತಿದ್ದರು. ಹೊಸ ಕ್ಲೀನ್ ರೂಮ್ ಶುರುವಾದದ್ದು ಯಾವಾಗ ಎಂದು ನೋಡಲು ಹಳೆಯ ಫೋಟೊಗಳನ್ನು ತಿರುವಿದೆ. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಸ್ವತಃ ಇನಾಮದಾರರೇ ಹಾಕಿದ ಫೋಟೊ ಸಿಕ್ಕಿತು.

ಖಂಡೆ ಪೂಜೆಯೆಂದರೆ ನನಗೂ ಪ್ರೀತಿಯೇ. ವರ್ಷವಿಡೀ ಅನ್ನ ಕೊಡುವ ಯಂತ್ರಕ್ಕೆ ಒಂದು ದಿನ ಹೂ ಏರಿಸುವುದು ಒಳ್ಳೆಯ ಪದ್ಧತಿ. ನಮ್ಮಲ್ಲಿ ಪ್ರತಿ ವರ್ಷ ಪೋರ್ಟಿಕೋದಲ್ಲಿ ಜೀಪಿಗೆ, ಜನರೇಟರಿಗೆ ಪೂಜೆ ಮಾಡಿ, ಚುರುಮುರಿ ತಿಂದು ಮನೆಗೆ ಹೋಗುತ್ತಿದ್ದೆವು. ಕ್ಲೀನ್ ರೂಮಿನ ಬಾಗಿಲು ಅಂದು ತೆರೆಯುತ್ತಿರಲಿಲ್ಲ. ಅಲ್ಲಿಗೆ ಬರುವ ಗಾಳಿಯನ್ನೂ ಸೋಸಿ ಬಿಡುತ್ತಾರೆ. ತಲೆಗೆ ಟೊಪ್ಪಿಗೆ, ಕೈಗೆ ಗ್ಲೌಸ್ ಇಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಆದರೆ ಫೋಟೊದಲ್ಲಿ ಹೊಸ ಕ್ಲೀನ್ ರೂಮಿನ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲಿಗೆ ದಟ್ಟವಾಗಿ ಹುರಮಂಜು, ಅಂದರೆ ಕೆಮ್ಮಣ್ಣು, ಬಳಿದಿದ್ದರು. ಅದರ ಮೇಲೆ ಬಿಳಿ ರಂಗೋಲಿ. ಒಳಗೆ ಯಂತ್ರಕ್ಕೆ ಚೆಂಡುಹೂವಿನ ಹಾರ, ಮೈತುಂಬ ಅರಿಷಿಣ ಕುಂಕುಮ. ನಡುವೆ ಬರಿಗೈಯಲ್ಲಿ ತೆಂಗಿನಕಾಯಿ ಹಿಡಿದು ನಗುತ್ತಿದ್ದ ನಿರ್ದೇಶಕರು. ಹಿಮ ಕರಗಿಸಿದ್ದು ದಸರೆಯ ಮರುವಾರ ಎಂದು ಅವರ ಪ್ರಬಂಧವೇ ಹೇಳುತ್ತಿತ್ತು.

ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಆ ಕೆಮ್ಮಣ್ಣು ಯಾವ ಊರಿನದೆಂದೂ ನನಗೆ ಗೊತ್ತಿತ್ತು. ಸಂಸ್ಥೆಯ ಹಳೆಯ ಅಟೆಂಡರ್ ಪರಸಪ್ಪ ಕಾಕಾ ಖಾನಾಪುರ ತಾಲ್ಲೂಕಿನ ಗುಂಜಿಯವರು. ಪ್ರತಿ ದಸರೆಗೆ ತಮ್ಮೂರಿನಿಂದ ಒಂದು ಚೀಲ ತರುತ್ತಿದ್ದರು. ಒಂದು ಭಾನುವಾರ ಖಾನಾಪುರದಿಂದ ರೈಲು ಹತ್ತಿ ಗುಂಜಿಯಲ್ಲಿ ಇಳಿದೆ. ಕಾಕಾ ಮನೆಯ ಹಿಂದೆ, ಕಾಡಿನ ಅಂಚಿನಲ್ಲಿದ್ದ ದಿನ್ನೆಗೆ ಕರೆದೊಯ್ದು ತೋರಿಸಿದರು. ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚದಿಂದ ಮಣ್ಣು ತುಂಬಿಕೊಳ್ಳುವ ನನ್ನನ್ನು ನೋಡಿ ಅವರಿಗೆ ಅನುಮಾನ ಬಂತು.

“ಏನಾರ ಘಾತ ಆಗೇತೇನ್ರಿ ಮೇಡಮ್ಮಾರ?”

“ಆಗೇತ್ರಿ ಕಾಕಾ. ಆದ್ರ ನಿಮ್ಮಿಂದಲ್ಲ.”

“ಖರೇ ಹೇಳ್ರಿ. ಸಾಹೇಬ್ರು ನನ್ನ ಹೆಸರ ಮುಂದ ಮಾಡ್ತಾರು. ರಿಟೈರಾಗೂ ಹೊತ್ತಿನಾಗ ನನಗ್ಯಾಕ್ರಿ ಇದು?”

“ಹಂಗ ಮಾಡಿದ್ರ ನಾ ಸುಮ್ಮನ ಕುಂದರೂದಿಲ್ರಿ,” ಎಂದೆ. ಅವರು ನಂಬಿದರೋ ಇಲ್ಲವೋ, ಚಹಾ ಕೊಟ್ಟು ಕಳಿಸಿದರು.

ಹೋಲಿಕೆಗೆ ಅದೇ ತಾಲ್ಲೂಕಿನ ಹಲಸಿಯ ಕಡೆಯ ಮಣ್ಣನ್ನೂ ತಂದೆ. ಬೇರೆ ಊರಿನ ಪ್ರಯೋಗಾಲಯದಲ್ಲಿದ್ದ ಗೆಳತಿಯೊಬ್ಬಳು ಎರಡನ್ನೂ ಅಳೆದುಕೊಟ್ಟಳು. ಹಲಸಿಯದು ದೂರ ಉಳಿಯಿತು. ಗುಂಜಿಯ ಮಣ್ಣು ಇನಾಮದಾರರ ‘ಹಿಮಯುಗದ ಧೂಳಿ’ನ ಪಕ್ಕದಲ್ಲೇ ಬಂದು ಕೂತಿತು. ಕುಣಿಯಬೇಕೆನಿಸಿತು. ಆದರೆ ಇಷ್ಟೇ ಸಾಲದು. ‘ಅದಕ್ಕೇ ಹೇಳಿದ್ದು, ಭಾರತದ ಮಣ್ಣೇ ಧ್ರುವಕ್ಕೆ ಹೋಗಿದೆ’ ಎಂದು ಅವರು ಇದನ್ನೇ ತಿರುಗಿಸಿ ನನ್ನ ಮುಖಕ್ಕೆ ಹಿಡಿಯಬಹುದಿತ್ತು. ಹಿಮ ಸೋಸಿದ ಫಿಲ್ಟರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಮೇಲಾಗಿ, ಆ ಪದರದ ಹಿಮ ಫ್ರೀಜರಿನಲ್ಲಿ ಇನ್ನೊಂದು ಗೇಣಷ್ಟೇ ಉಳಿದಿತ್ತು. ಅದನ್ನು ಸ್ವಚ್ಛವಾದ ಜಾಗದಲ್ಲಿ ಕರಗಿಸಿ ನೋಡಬೇಕಿತ್ತು.

ಯೋಜನೆಗೆ ಹಣ ಕೊಟ್ಟವರಿಗೆ ದೂರು ಬರೆದೆ. ಅವರು ಸಮಿತಿ ನೇಮಿಸಿದರು. ಹಿಮ ಮುಟ್ಟಬಾರದು, ಅದು ರಾಷ್ಟ್ರದ ಆಸ್ತಿ ಎಂದು ಇನಾಮದಾರರು ಬಹಳ ಹಾರಾಡಿದರು. ಕೊನೆಗೆ ನಮ್ಮಿಬ್ಬರ ಎದುರಿಗೇ ಬೇರೆ ನಗರದ ಪ್ರಯೋಗಾಲಯದಲ್ಲಿ ಅದನ್ನು ಕರಗಿಸುವುದೆಂದು ನಿರ್ಧಾರವಾಯಿತು.

ಅಂದು ನನಗೆ ಹೆದರಿಕೆಯಾಗಿತ್ತು. ಆ ಹಿಮ ಕರಗಿತೆಂದರೆ ಮುಗಿಯಿತು, ಮತ್ತೆ ಸಿಗುವಂಥದ್ದಲ್ಲ. ಅದರಲ್ಲೂ ಕೆಂಪು ಧೂಳೇ ಬಂದರೆ ‘ಕೈ ಸ್ವಚ್ಛ ಇಲ್ಲದವಳು’ ಎಂಬ ಮಾತು ಸಾಯುವವರೆಗೂ ನನ್ನ ಬೆನ್ನಿಗಿರುತ್ತಿತ್ತು. ಹಿಮ ಮುಟ್ಟುವ ಮೊದಲು ಅಲ್ಲಿಯವರು ಬ್ಲ್ಯಾಂಕ್ ಓಡಿಸಿದರು. ಅಂದರೆ ಹಿಮದ ಬದಲು ಶುದ್ಧ ನೀರನ್ನು ಅದೇ ಪಾತ್ರೆ, ಅದೇ ಫಿಲ್ಟರು, ಅದೇ ಯಂತ್ರದ ಮೂಲಕ ಹಾಯಿಸುವುದು. ಅದರಲ್ಲಿ ಏನಾದರೂ ಸಿಕ್ಕರೆ ಅದು ಧ್ರುವದ್ದಲ್ಲ, ನಮ್ಮದೇ ಕೊಳೆ. ನಾನು ಒಮ್ಮೆಗೆ ಒಪ್ಪಲಿಲ್ಲ, ಇನ್ನೊಮ್ಮೆ ಓಡಿಸಲು ಕೇಳಿದೆ. ನನಗೆ ಬೇಕಾದ ಉತ್ತರ ಬರಬೇಕೆಂಬ ಆಸೆ ಎಷ್ಟಿತ್ತೆಂದರೆ, ಆ ಆಸೆಯ ಮೇಲೇ ನನಗೆ ನಂಬಿಕೆ ಇರಲಿಲ್ಲ.

ಫಲಿತಾಂಶ ಓದುವ ದಿನ ಸಮಿತಿ ಬೆಳಗಾವಿಗೆ ಬಂತು. ಅಧ್ಯಕ್ಷೆ ಮೆಲುದನಿಯ ಹಿರಿಯ ವಿಜ್ಞಾನಿ. ಉಳಿದ ಹಿಮದಲ್ಲಿದ್ದದ್ದು ಪ್ಯಾಟಗೋನಿಯಾದ ಧೂಳೇ ಎಂದರು. ಇನಾಮದಾರರ ಫಿಲ್ಟರಿನಲ್ಲಿದ್ದ ಕೆಂಪು ಕಣಗಳು ಸಮುದ್ರ ದಾಟಿ ಹಾರಲಾರದಷ್ಟು ದಪ್ಪವಾಗಿದ್ದವು. ಜೊತೆಗೆ ರಂಗೋಲಿ ಪುಡಿ, ಅರಿಷಿಣದ ಪಿಷ್ಟದ ಕಣ. ಹಿಮಯುಗದ ಅಂಟಾರ್ಕ್ಟಿಕಾದಲ್ಲಿ ಅರಿಷಿಣ!

“ಪೂಜೆಯ ನಂತರ ಬ್ಲ್ಯಾಂಕ್ ಓಡಿಸಿದ್ದಿರಾ?” ಎಂದು ಅಧ್ಯಕ್ಷೆ ಕೇಳಿದರು.

“ಹಳೇ ಬ್ಲ್ಯಾಂಕಿನ ಅಂಕಿ ಇತ್ತು… ಸಮಯ ಇರಲಿಲ್ಲ,” ಎಂದ ಇನಾಮದಾರರು, ತಕ್ಷಣ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಪರಸಪ್ಪ ಕಾಕಾನ ಕಡೆ ಕೈ ಮಾಡಿದರು. “ಇವನ ನೋಡ್ರಿ ಮಣ್ಣ ತಂದಾಂವ. ಇವನ ಬಳದಾಂವ.”

ನಾನು ಫೋಟೊದ ದೊಡ್ಡ ಪ್ರತಿಯನ್ನು ಮೇಜಿನ ಮೇಲಿಟ್ಟೆ.

“ಬಳದಾಂವ ಈ ಫೋಟೊದಾಗ ಇಲ್ರಿ ಸರ್. ಬಾಗಿಲ ತಗಿಸಿ, ಬರಿಗೈಲೆ ಒಳಗ ನಿಂತಾವ್ರು ಅದಾರ. ಮಣ್ಣು ಯಾವ ಸೀಮೀದಂತ ಜಗತ್ತಿಗೆಲ್ಲ ಹೇಳಿದ್ರೆಲಾ, ಈಗ ನಾ ಹೇಳ್ತೀನಿ. ಅದು ನಿಮ್ಮ ಹೊಸ್ತಿಲದ್ದು.”

ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಾಕಾನಿಗೆ ಏನೂ ಆಗಲಿಲ್ಲ. ನನ್ನನ್ನು ಬೆಳಗಾವಿಗೆ ವಾಪಸು ಕರೆಸಿ ಪ್ರಯೋಗಾಲಯ ಒಪ್ಪಿಸಿದರು. ಕುರ್ಚಿ ಬಿಟ್ಟು ಹೋಗುವ ದಿನ ಇನಾಮದಾರರ ಮುಖ ನೋಡಿ ಪಾಪ ಅನಿಸಿತು ಎಂದು ದೊಡ್ಡ ಮನಸ್ಸಿನವರಾದರೆ ಬರೆಯುತ್ತಿದ್ದರು. ನನಗೆ ಅನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಆದರೂ ಆ ಮಾತು ಇನ್ನೂ ಬಾಕಿ ಇತ್ತು. ಪ್ರಯೋಗಾಲಯದಲ್ಲಿ ಹೋಲಿಕೆಗಾಗಿ ಗೊತ್ತಿರುವ ಮಣ್ಣುಗಳ ಮಾದರಿ ಇಡುತ್ತೇವೆ, ಪ್ರತಿಯೊಂದಕ್ಕೂ ಒಂದು ಹೆಸರು. ಗುಂಜಿಯ ಕೆಮ್ಮಣ್ಣಿಗೆ ನಾನಿಟ್ಟ ಹೆಸರು ‘ಇನಾಮದಾರ’. ಬ್ಲ್ಯಾಂಕ್ ಓಡಿಸಿದಾಗಲೆಲ್ಲ ಈ ಮಣ್ಣಿನ ಗುರುತು ಇದೆಯೇ ಎಂದು ನೋಡುವುದು ಕಡ್ಡಾಯ ಮಾಡಿದೆ. ಬೇರೆ ಪ್ರಯೋಗಾಲಯದವರೂ ಕೇಳಿ ಒಯ್ದರು, ಹೆಸರಿನ ಸಮೇತ.

ಕಳೆದ ದಸರೆಯಲ್ಲಿ ಬನ್ನಿ ಕೊಡುವ ದಿನ ಇನಾಮದಾರರು ಮನೆಗೆ ಬಂದರು. ನಮ್ಮ ಕಡೆ ಅಂದು ಬನ್ನಿ ಎಲೆ ಕೊಟ್ಟು ಹಳೆಯ ಜಗಳ ಮರೆಯುವುದು ವಾಡಿಕೆ.

“ಬನ್ನಿ ತಗೊಂಡು ಬಂಗಾರದಂಗ ಇರೂಣು, ಗಿರಿಜವ್ವಾ. ಆ ಮಣ್ಣಿನ ಹೆಸರೊಂದು ತಗದಬಿಡು.”

ಬನ್ನಿ ತೆಗೆದುಕೊಂಡೆ, ವಯಸ್ಸಿಗೆ ಮರ್ಯಾದೆ ಕೊಟ್ಟು ಕಾಲಿಗೂ ಬಿದ್ದೆ. ಎದ್ದು ಹೇಳಿದೆ: “ನಾಳೆನ ತಗೀತೀನ್ರಿ ಸರ್. ನನ್ನ ಕೈ ಬಗ್ಗೆ ಅಂದ ಮಾತನ್ನ ಅದ ಸಭಾದಾಗ, ಅದ ಮೈಕಿನಾಗ ಹಿಂದ ತಗೊಳ್ರಿ.”

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಯಾವ ಉತ್ತರ ನಮಗೆ ಬಹಳ ಬೇಕೋ, ಅದು ಸಿಕ್ಕ ದಿನವೇ ನಮ್ಮ ಕೈಯನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಅವರು ಮಾಡಲಿಲ್ಲ, ನಾನು ಮಾಡಿದೆ. ಕ್ಷಮಿಸುವುದನ್ನು ಈ ವೃತ್ತಿ ಕಲಿಸಲಿಲ್ಲ. ದಿನವೂ ಇಪ್ಪತ್ತು ಸಾವಿರ ವರ್ಷದ ಧೂಳನ್ನು ಹಾಗೇ ಇಟ್ಟುಕೊಂಡ ಹಿಮದ ಜೊತೆ ಕೆಲಸ ಮಾಡುವವಳಿಗೆ ಅದು ಬರುವುದೂ ಕಷ್ಟ.

ಈಗಲೂ ಬೆಳಿಗ್ಗೆ ಬ್ಲ್ಯಾಂಕ್ ಓಡಿದ ಮೇಲೆ ನಾನು ಬಾಗಿಲಲ್ಲೇ ನಿಂತು ಕೇಳುತ್ತೇನೆ, “ಇನಾಮದಾರ ಅದಾನೇನ್ರಿ?”

ಒಳಗಿನಿಂದ ಉತ್ತರ ಬರುತ್ತದೆ, “ಇಲ್ರಿ ಮೇಡಮ್, ಸ್ವಚ್ಛ ಐತ್ರಿ.”

ಆಮೇಲೆ ನಾನು ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಹಿಮ ಮುಟ್ಟುತ್ತೇನೆ.