ಎಕ್ಸರೇದಾಗ ಬಿದ್ದ ತಾಯತ

ನನ್ನ ಬೆನ್ನೆಲುಬು ಬರೇ ಸೊಟ್ಟ ಅಲ್ಲ, ತೊಯ್ದ ಅರಿವಿ ಹಿಂಡಿದಂಗ ತಿರುಚಿಕೊಂಡಿತ್ತು. ಬಗ್ಗಿದ್ನೆಂದ್ರ ಬಲಗಡಿ ಬೆನ್ನು ಗುಡ್ಡದಂಗ ಏಳ್ತಿತ್ತು. ಅದರ ಮ್ಯಾಲ ಕಾಗಿ ಕುಂತು ಇಡೀ ನಮ್ಮೂರು ಗಬ್ಬೂರು ನೋಡ್ತದ ಅಂತ ಸಾಲ್ಯಾಗ ನಾನೇ ಸುದ್ದಿ ಹಬ್ಬಿಸಿದ್ದೆ.

ಒಂಬತ್ತನೇ ಕ್ಲಾಸಿನ್ಯಾಗ ರಾಯಚೂರಿನ ಡಾಕ್ಟರು, "ಆರು ತಿಂಗಳಿಗೆ ಮತ್ತ ಎಕ್ಸರೇ ತೆಗಿಯೂಣು. ತಿರುವು ಹೆಚ್ಚಾಗಿದ್ರ ಹೈದರಾಬಾದಿನ್ಯಾಗ ಬೆನ್ನು ಕೊಯ್ಸಿ ಸರಳು ಹಾಕಿಸಬೇಕು" ಅಂದ್ರು. ಅವತ್ತಿಂದ ಸರಳು ಕಂಡ್ರ ನನಗ ಜ್ವರ. ಸರಳಿನ ಕಿಟಕಿ ಹತ್ರ ಸೈತ ಮಲಗಲಿಲ್ಲ.

ಆರು ತಿಂಗಳಾತು. ಆಯಿ, ಅಂದ್ರ ಅಪ್ಪನ ಅವ್ವ, ನನ್ನ ಕರಕೊಂಡು ಬಸ್ ಹತ್ತಿದಳು. ಆಕಿಗೆ ಡಾಕ್ಟರಿಗಿಂತ ದರ್ಗಾದಿಂದ ತಂದ ತಾಮ್ರದ ತಾಯತದ ಮ್ಯಾಲ ನಂಬಿಗಿ ಜಾಸ್ತಿ. ಮಂದಿ ತೋಳಿಗೆ ಕಟ್ಟಿದ್ರ ಆಕಿ ನನಗ ಬೆನ್ನಿಗೆ ಕಟ್ಟಿದ್ದಳು, ಸರಿಯಾಗಿ ತಿರುವಿನ ಮ್ಯಾಲ.

ಎಕ್ಸರೇ ತೆಗಿಯಾಂವ ಉಡದಾರ, ತಾಯತ ಎಲ್ಲಾ ಬಿಚ್ಚಿಸಿ ನನ್ನ ಮೇಜಿನ ಮ್ಯಾಲ ಮಲಗಿಸಿ, "ಉಸುರು ಹಿಡಿ" ಅಂದು ಗ್ವಾಡಿ ಹಿಂದ ಹೋದ. ಬಾಗಲದಾಗಿದ್ದ ಆಯಿ ಬೆಕ್ಕಿನಂಗ ಬಂದು ತಾಯತ ಬೆನ್ನ ಕೆಳಗ ತುರುಕಿ ಓಡಿದಳು. ನಾನು ವಿಜ್ಞಾನದಾಗ ಕ್ಲಾಸಿಗೇ ಫಸ್ಟು. ಲೋಹ ಎಕ್ಸರೇದಾಗ ಮೂಡ್ತದ ಅಂತ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಸರಳು ತಪ್ಪತದ ಅಂದ್ರ ಗುಡಿ ಗಂಟಿ ಬೇಕಾದ್ರೂ ಬೆನ್ನ ಕೆಳಗ ಇಟಗೊಳ್ತಿದ್ದೆ.

ಡಾಕ್ಟರು ಫಿಲ್ಮು ಬೆಳಕಿಗೆ ಹಿಡದು ಆಯಿಗೆ ಪೆನ್ಸಿಲಿಲೆ ತೋರಿಸಿದ್ರು. "ನೋಡ್ರಿ ಯವ್ವಾ, ಬೆನ್ನೆಲುಬಿನ ಒಂದೊಂದು ಮಣಿಗೂ ಕಣ್ಣಿನಂಥ ಎರಡು ಗುರುತು. ಮಣಿ ತಿರುಗಿದಷ್ಟೂ ಒಂದು ಕಣ್ಣು ನಡುವಿಗೆ ಸರೀತದ. ಅದು ಎಷ್ಟು ಸರದದ ಅಂತ ಅಳದ್ರ..." ಪೆನ್ಸಿಲು ನಿಂತಿತು. ಬೇಕಾದ ಮಣಿಗೆ ಕಣ್ಣೇ ಇಲ್ಲ, ಬೆಳ್ಳಗ ಬೀಡಿಯಂಥಾದೊಂದು ಅಡ್ಡ ಮಲಗಿತ್ತು.

"ಇದೇನಿದು?"

ಆಯಿ ಕೈ ಮುಗದಳು. "ತಾಯತರೀ ಯಪ್ಪಾ! ಒಳಗ ಹೋಗಿ ಕುಂತದ!"

"ನಾ ಅಳೀಬೇಕಾದ ಕಣ್ಣಿನ ಮ್ಯಾಲೇ ಕುಂತದರೀ!"

"ಎಲ್ಲಿ ಕುಂತ್ರೇನ್ರೀ, ಕೆಲಸ ಮಾಡ್ತದ."

ಡಾಕ್ಟರು ನನ್ನ ಕಡಿ ತಿರುಗಿದ್ರು. "ನಿನಗರ ಹೇಳಾಕ ಏನಾಗಿತ್ತಲೇ?"

"ಉಸುರು ಹಿಡಿ ಅಂದಿದ್ರಲ್ರೀ ಸರ್, ಹಿಡದಿದ್ದೆ."

ಎರಡನೇ ಫಿಲ್ಮಿಗೆ ಡಾಕ್ಟರೇ ಬಂದು, ತಾಯತ ತಮ್ಮ ಕಿಸೇದಾಗ ಹಾಕ್ಕೊಂಡು, ಆಯಿಗೆ ಕಾವಲು ನಿಂತ್ರು. ಆಮ್ಯಾಲ ಹಳೇ ಫಿಲ್ಮು, ಹೊಸಾ ಫಿಲ್ಮು ಬಾಜೂಕ ಇಟ್ಟು ಸ್ಕೇಲು ಹಿಡದ್ರು. ಒಂದು ಸಲ ಅಳದ್ರು. ಮತ್ತ ಅಳದ್ರು. ನನ್ನ ಜೀವ ಆ ಪೆನ್ಸಿಲಿನ ಮೊನಿಗೆ ಬಂದು ಕುಂತಿತ್ತು.

"ಕಣ್ಣು ಇದ್ದಲ್ಲೇ ಅದ. ತಿರುವು ಹೆಚ್ಚಾಗಿಲ್ಲ. ಈಗ ಆಪರೇಷನ್ ಬ್ಯಾಡ."

"ತಾಯತ ಬಿದ್ದ ಮೊದಲನೇ ಫಿಲ್ಮಿನಿಂದಲೇ ಆರಾಮಾಗಿದ್ದು, ಹೌದಲ್ರೀ?" ಅಂತ ಆಯಿ ಡಾಕ್ಟರ ಜೋಡಿ ವಾದಕ್ಕ ನಿಂತಳು. ನಾನು ಗ್ವಾಡಿ ಕಡಿ ಮಾರಿ ಮಾಡಿ ಕಣ್ಣು ಒರಸ್ಕೊಂಡೆ. ಅವತ್ತು ದವಾಖಾನ್ಯಾಗ ಫಿನಾಯಿಲ್ ಭಾಳ ಹಾಕಿದ್ರು ಅಂತ ಇವತ್ತಿಗೂ ಹೇಳ್ತೀನಿ.